ತಲೆಯಾಡಿಸದವರು ಬೇಕು

ಲೆಕ್ಕದ ಟೀಚರಿಗೆ ವಿಶ್ವವಿದ್ಯಾಲಯದ ಗಣಿತ ವಿಭಾಗವೆಂದರೆ ತವರುಮನೆ ಇದ್ದಂತೆ. ಶಾಲೆಯಲ್ಲಿ ಏಳನೆಯ ತರಗತಿಯ ಭಿನ್ನರಾಶಿ ಮುಗಿಸಿ, ಶನಿವಾರ ಮಧ್ಯಾಹ್ನ ಸೀಮೆಸುಣ್ಣದ ಕೈಯಲ್ಲೇ ಬಸ್ಸು ಹತ್ತಿ, ವಿಭಾಗದ ಮೂಲೆ ಕೋಣೆಗೆ ಹೋಗಿ ಕೂತರೇನೇ ಅವರ ವಾರ ಮುಗಿದಂತೆ. ಅಲ್ಲಿ ಅವರ ಹಳೆಯ ಪ್ರೊಫೆಸರು ಮುಂದಿನ ವಾರದ ಪಾಠವನ್ನು ಅವರೊಬ್ಬರ ಎದುರು ಒಮ್ಮೆ ಮಾಡಿ ನೋಡುತ್ತಿದ್ದರು.

ಇದು ಶುರುವಾದದ್ದು ಟೀಚರು ಅಲ್ಲಿ ಓದುತ್ತಿದ್ದಾಗ. ತರಗತಿಗೇ ಮೊದಲಿಗಳೆಂದು ಪ್ರೊಫೆಸರು ಇವರನ್ನು ಕರೆದು ಕೂರಿಸಿದರು. ಇವರೋ ಜಾಣೆ, ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿದರು.

"ತಲೆಯಾಡಿಸೋಕೆ ನೀನ್ಯಾಕಮ್ಮ? ಈ ಟೇಬಲ್ ಫ್ಯಾನೇ ನಿನಗಿಂತ ಚೆನ್ನಾಗಿ ಆಡಿಸತ್ತೆ. ಹೋಗು" ಎಂದು ಕಳಿಸಿಬಿಟ್ಟರು.

ಓದು ಮುಗಿಯಿತು, ಮದುವೆಯಾಯಿತು, ಸಂಶೋಧನೆಗೆ ಸೇರಬೇಕೆನ್ನುವಷ್ಟರಲ್ಲಿ ಮಗಳು ಹುಟ್ಟಿದಳು. ಗ್ರಂಥಾಲಯದ ಪುಸ್ತಕ ಹಿಂದಿರುಗಿಸಲು ಕೂಸನ್ನು ಎತ್ತಿಕೊಂಡು ಬಂದವರನ್ನು ಪ್ರೊಫೆಸರು ಮತ್ತೆ ಕೂರಿಸಿದರು. ಅರ್ಧ ಪಾಠಕ್ಕೇ ಇವರ ಬಾಯಿಂದ ತಾನಾಗಿ ಮಾತು ಬಂತು.

"ಗೊತ್ತಾಗ್ಲಿಲ್ಲ ಸಾರ್. ರಾತ್ರಿಯೆಲ್ಲ ಇವಳು ಮಲಗಿಲ್ಲ, ನನ್ನ ತಲೆ ಓಡ್ತಿಲ್ಲ."

ಪ್ರೊಫೆಸರಿಗೆ ಲಾಟರಿ ಹೊಡೆದಷ್ಟು ಖುಷಿ. "ಎಲ್ಲಿ? ಯಾವ ಸಾಲು? ಅಲ್ಲೇ ನಾನು ಒಂದು ಹೆಜ್ಜೆ ಹಾರಿಸಿದ್ದು! ಮೊದಲ ವರ್ಷದ ಮಕ್ಕಳೂ ಹೀಗೇ ನಿದ್ದೆಗೆಟ್ಟು ಬರ್ತಾರೆ ಕಣಮ್ಮ. ಪ್ರತಿ ಶನಿವಾರ ಬಾ, ಮಗೂನೂ ಕರ್ಕೊಂಡು ಬಾ."

ಸಂಶೋಧನೆ ಹಿಂದೆ ಬಿತ್ತು. ಮನೆಯ ಹತ್ತಿರದ ಶಾಲೆಯಲ್ಲಿ ಕೆಲಸ ಸಿಕ್ಕಿತು, ಅದೇ ಕೈ ಹಿಡಿಯಿತು. ತಮ್ಮ ತರಗತಿಯಲ್ಲೂ ಟೀಚರು ತಲೆಯಾಡಿಸುವ ಮಕ್ಕಳನ್ನು ನಂಬುತ್ತಿರಲಿಲ್ಲ. ಕೊರಗು ಅಂತೇನೂ ಇರಲಿಲ್ಲ. ಆದರೆ ವಿಭಾಗದ ದೊಡ್ಡ ಕೊಠಡಿಯ ಬಾಗಿಲು ದಾಟುವಾಗ ಮಾತ್ರ, ಒಂದೇ ಒಂದು ಸಲ ಆ ಹಲಗೆಯ ಮುಂದೆ ನಿಲ್ಲಬೇಕಿತ್ತು ಎಂದು ಮನಸ್ಸು ಮೆಲ್ಲಗೆ ಚಿವುಟುತ್ತಿತ್ತು.

ಈ ವರ್ಷ ತರಗತಿಗಳು ಶುರುವಾಗುವ ಹೊತ್ತಿಗೆ ಪ್ರೊಫೆಸರ ಗಂಟಲು ಕಟ್ಟಿತು. ಫೋನಿನಲ್ಲಿ ಪಿಸುಗುಟ್ಟಿದರು: "ಸೋಮವಾರ ಹೊಸ ಮಕ್ಕಳಿಗೆ ಮೊದಲ ಪಾಠ. ನೀನೇ ಮಾಡು. ಇಲ್ಲಿ ಎಲ್ಲರೂ ಒಪ್ಪಿದ್ದಾರೆ."

ಹೂಂ ಎಂದಾಗಿತ್ತು. ಫೋನಿಟ್ಟ ಮೇಲೆ ಯೋಚನೆ ಹತ್ತಿತು. ಇಷ್ಟು ವರ್ಷ ಬಯಸಿದ್ದು ಬಾಗಿಲಿಗೇ ಬಂದಿದೆ. ಅಲ್ಲಿ ಹೋಗಿ ಎಡವಿದರೆ?

ಭಾನುವಾರ ಅಡುಗೆಮನೆಯಲ್ಲಿ ಮಗಳನ್ನೇ ಎದುರು ಕೂರಿಸಿಕೊಂಡರು. ಅಂದು ಪ್ರೊಫೆಸರ ಕೋಣೆಗೆ ಎತ್ತಿಕೊಂಡು ಹೋಗಿದ್ದ ಅದೇ ಮಗಳು. ಈಗ ಅವಳ ಮಡಿಲಲ್ಲೂ ಒಂದು ಕೂಸು. ಲೆಕ್ಕವೆಂದರೆ ಅವಳಿಗೆ ಆಗದು. ಮಗು ಬಿಕ್ಕಳಿಸಿದರೂ ಡಾಕ್ಟರಿಗೆ ಫೋನ್ ಮಾಡುವಷ್ಟು ಪುಕ್ಕಲು ಬೇರೆ.

ಟೀಚರು ಫ್ರಿಜ್ಜಿನ ಬಾಗಿಲ ಮೇಲೆ ಬೆರಳಾಡಿಸುತ್ತ ಹೇಳಿದರು, "ಅರ್ಧ, ಮೂರರಲ್ಲೊಂದು, ನಾಲ್ಕರಲ್ಲೊಂದು... ಹೀಗೇ ಹೋದ್ರೆ ಸೊನ್ನೆಯ ಹತ್ರ ಹೋಗತ್ತೆ. ಮುಟ್ಟೋದಿಲ್ಲ."

"ಹೂಂ... ಹೂಂ..." ಮಗಳ ಕಣ್ಣು ಮಗುವಿನ ಹೊಟ್ಟೆಯ ಏರಿಳಿತದ ಮೇಲೆ.

"ಟೇಬಲ್ ಫ್ಯಾನ್ ಆಗ್ಬೇಡ್ವೇ! ಅರ್ಥ ಆಯ್ತಾ?"

ಮಗಳಿಗೆ ರೇಗಿತು. "ಇಲ್ಲಮ್ಮ! ಹತ್ರ ಹೋಗತ್ತೆ ಅಂತೀಯ, ಮುಟ್ಟಲ್ಲ ಅಂತೀಯ. ಹತ್ರ ಅಂದ್ರೆ ಎಷ್ಟು ಹತ್ರ ಅಂತ ಹೇಳ್ಬೇಡ್ವಾ?"

ಹೇಳಬೇಕಾಗಿದ್ದ ಪಾಠವೆಲ್ಲ ಆ ಒಂದು ಪ್ರಶ್ನೆಯಲ್ಲೇ ಇತ್ತು.

"ತೊಟ್ಟಿಲು ನಿನ್ನ ಹಾಸಿಗೆ ಹತ್ರ ಇರ್ಬೇಕು ಅಂತ ಗಲಾಟೆ ಮಾಡಿದ್ಯಲ್ಲ, ಎಷ್ಟು ಹತ್ರ?"

"ಕೈ ಚಾಚಿದ್ರೆ ಸಿಗ್ಬೇಕು."

"ಅದೇ! ಅಳತೆ ಹೇಳೋದು ನಿನ್ನ ಪಾಲು, ಅಷ್ಟು ಹತ್ರ ತಂದಿಡೋದು ನನ್ನ ಪಾಲು. ಇಲ್ಲೂ ಅಷ್ಟೇ. ನೀನು ಎಷ್ಟೇ ಚಿಕ್ಕ ಅಳತೆ ಕೊಡು. ಎಲ್ಲಿಂದ ಮುಂದಕ್ಕೆ ಎಲ್ಲವೂ ಅದರೊಳಗೇ ಇರತ್ತೆ ಅಂತ ನಾನು ತೋರಿಸ್ತೀನಿ."

ಮಗಳು ಮೊದಲ ಸಲ ಮಗುವಿನ ಮೇಲಿಂದ ಕಣ್ಣೆತ್ತಿದಳು. "ಇಷ್ಟೇನಾ? ಇದನ್ನ ಶಾಲೇಲಿ ಯಾಕೆ ಹೇಳ್ಕೊಡ್ಲಿಲ್ಲ ನೀನು?"

ಸೋಮವಾರ ದೊಡ್ಡ ಕೊಠಡಿ ತುಂಬಿತ್ತು. ಟೀಚರು ಹಲಗೆಯ ಮೇಲೆ ಮೊದಲು ಬರೆದದ್ದು, 'ಎಷ್ಟು ಹತ್ತಿರ?' ತೊಟ್ಟಿಲಿನ ಮಾತಿಗೆ ಎಲ್ಲರೂ ನಕ್ಕರು. ಆಮೇಲೆ ಸಾಲು ಸಾಲು ತಲೆಗಳು ಆಡತೊಡಗಿದವು, ಒಪ್ಪಿದಂತೆ, ಮರ್ಯಾದೆಯಿಂದ. ಪಾಠ ತಲುಪುತ್ತಿಲ್ಲವೇ?

ಅಷ್ಟರಲ್ಲಿ ಕೊನೆಯ ಬೆಂಚಿನಿಂದ ಒಬ್ಬ ಹುಡುಗಿ ಹೆದರುತ್ತಲೇ ಕೈಯೆತ್ತಿದಳು. "ಮೇಡಂ... ಮೂರನೇ ಸಾಲು ಗೊತ್ತಾಗ್ಲಿಲ್ಲ."

"ನಂಗೂ" ಎಂದಿತು ಪಕ್ಕದ ದನಿ. ಇನ್ನೊಂದು ಕೈ ಎದ್ದಿತು.

ಟೀಚರ ಮುಖ ಅರಳಿತು. ಡಸ್ಟರು ತೆಗೆದು ಆ ಸಾಲನ್ನು ಅಳಿಸಿ, ಮುಂದಿನ ಬೆಂಚಿನತ್ತ ನೋಡಿದರು. ಅಲ್ಲಿ ಕತ್ತಿಗೆ ಮಫ್ಲರು ಸುತ್ತಿಕೊಂಡ ಪ್ರೊಫೆಸರು, ಮಾತಾಡಲಾಗದೆ, ಸಂತೋಷಕ್ಕೆ ಒಂದೇ ಸಮನೆ ತಲೆಯಾಡಿಸುತ್ತಿದ್ದರು.

"ಸಾರ್, ತಲೆಯಾಡಿಸೋಕೆ ನೀವ್ಯಾಕೆ? ಟೇಬಲ್ ಫ್ಯಾನ್ ಇದೆಯಲ್ಲ" ಎಂದು ಟೀಚರು ಮೂರನೆಯ ಸಾಲನ್ನು ಹೊಸದಾಗಿ ಬರೆಯತೊಡಗಿದರು.