ನೀಲಿಗೆ ಮರಳಿದ ಸೋಡಾ

ಆಳಂದದಲ್ಲಿ ನನ್ನದೊಂದು ಸೋಡಾ ಅಂಗಡಿಯಿದೆ. ಏಳನೆಯ ತರಗತಿಗೆ ಶಾಲೆ ಬಿಟ್ಟೆ, ಅದೇ ವರ್ಷ ಮಷೀನಿಗೆ ಕೈ ಹಚ್ಚಿದೆ. ನೀರು ತಣ್ಣಗಿದ್ದಷ್ಟೂ ಸಿಲಿಂಡರಿನ ಗ್ಯಾಸ್ ಚೆನ್ನಾಗಿ ಹಿಡಿಯುತ್ತದೆ ಎಂಬುದನ್ನು ನನ್ನ ಕೈಯೇ ನನಗೆ ಕಲಿಸಿತು. ನೀರು, ಗ್ಯಾಸ್ ಬಿಟ್ಟು ಬಾಟಲಿಗೆ ಮೂರನೆಯದನ್ನು ಹಾಕಿದವನಲ್ಲ. ಊರಲ್ಲಿ ನನಗಿರುವ ಹೆಸರು ಅದೊಂದೇ.

ಮಗಳು ನರೋಣಾದ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. "ಅಪ್ಪಾ, ನಾಳೆ ಸಮುದ್ರದ ಪಾಠ ಅದ. ಒಂದು ಡಜನ್ ಸೋಡಾ ತೊಗೊಂಡು ನೀನೇ ಬಾ" ಎಂದಳು. ಸಮುದ್ರಕ್ಕೂ ನನ್ನ ಸೋಡಾಕ್ಕೂ ಏನು ಸಂಬಂಧವೋ ತಿಳಿಯಲಿಲ್ಲ. ಆದರೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಸ್ಸು ಹತ್ತಿದೆ.

ತರಗತಿಯಲ್ಲಿ ಅವಳು ಒಂದು ಲೋಟದಲ್ಲಿ ಶಂಖಪುಷ್ಪ ನೆನೆಸಿದ ನೀಲಿ ನೀರಿಗೆ ನನ್ನ ಸೋಡಾ ಸುರಿದಳು. ನೀಲಿ ಹೋಗಿ ನೇರಳೆಯಾಯಿತು.

"ಬಣ್ಣ ಹಿಂಗ ತಿರುಗಿತಂದ್ರ ನೀರಿನಾಗ ಹುಳಿ ಅದ ಅಂತ ತಿಳೀರಿ."

ಮುಂದಿನ ಬೆಂಚಿನ ಹುಡುಗಿ ನನ್ನ ಕಡೆ ತಿರುಗಿದಳು. "ಕಾಕಾ, ಲಿಂಬಿ ಹಿಂಡೀರೇನ್ರಿ?"

ತರಗತಿಯೆಲ್ಲ ನಕ್ಕಿತು. ನನ್ನ ಕಿವಿ ಬಿಸಿಯಾದವು. "ಟೀಚರ್ರೇ, ನಾ ಏನೂ ಹಾಕಿಲ್ರಿ" ಎಂದು ಎದ್ದು ನಿಂತೆ.

"ನೀವು ಹಾಕಿಲ್ರಿ ಅಪ್ಪಾ" ಎಂದಳು ಮಗಳು, ನಗು ತಡೆದು. "ಗ್ಯಾಸ್ ನೀರಿನಾಗ ಕೂಡಿದ್ರ ಹುಳಿ ತಾನೇ ಹುಟ್ಟತದ."

"ಹಂಗಿದ್ರ ಗ್ಯಾಸ್ ಹೋದ ಮ್ಯಾಲ ಹುಳಿನೂ ಹೋಗಬೇಕಲ್ರಿ?" ಎಂದೆ.

ಆ ಲೋಟ ಹಿಡಿದು ಬಿಸಿಯೂಟದ ಅಡುಗೆಮನೆಗೆ ನಡೆದೆ. ಇಡೀ ತರಗತಿ ಹಿಂದೆಯೇ ಬಂತು. ಅಡುಗೆಯಾಕೆ, "ಸೋಡಾ ಕಾಸಾಕ ಬಂದೀರೇನ್ರಿ ಅಣ್ಣಾ? ಚಾಪುಡಿನೂ ಹಾಕಲೇನ್ರಿ?" ಎಂದರು. ಒಲೆಯ ಮೇಲಿಟ್ಟ ಪಾತ್ರೆಯಲ್ಲಿ ಗುಳ್ಳೆಗಳು ಎದ್ದೆದ್ದು ಹೋದವು. ನೋಡುನೋಡುತ್ತ ನೇರಳೆ ಮತ್ತೆ ನೀಲಿಗೆ ಬಂತು. ಲಿಂಬೆ ಹಿಂಡಿದ್ದರೆ ಹೀಗೆ ಮರಳುತ್ತಿರಲಿಲ್ಲ. ನನ್ನ ಎದೆ ಹಗುರಾಯಿತು.

ತರಗತಿಗೆ ಬಂದ ಮೇಲೆ ಮಗಳು ಸಮುದ್ರದ ಮಾತು ತೆಗೆದಳು. ನಾವು ಬಿಡುವ ಹೊಗೆಯೊಳಗೆ ಇರುವುದೂ ಇದೇ ಗ್ಯಾಸಂತೆ, ಸಮುದ್ರ ಅದನ್ನು ಕುಡಿಯುತ್ತಲೇ ಇದೆಯಂತೆ. ಸೋಡಾದ ಹಾಗೆ ಹುಳಿಯಾಗಿಲ್ಲ, ಆದರೆ ಸ್ವಲ್ಪ ಸ್ವಲ್ಪವೇ ಆ ಕಡೆ ಸರಿಯುತ್ತಿದೆ. ಅಷ್ಟಕ್ಕೇ ಅಲ್ಲಿನ ಶಂಖ, ಸಿಂಪಿಯ ಹುಳುಗಳಿಗೆ ಚಿಪ್ಪು ಕಟ್ಟಿಕೊಳ್ಳುವುದು ಕಷ್ಟವಾಗಿದೆಯಂತೆ.

"ಸಮುದ್ರಾನೂ ಕಾಸೂಣ್ರಿ ಟೀಚರ್" ಎಂದಳು ಅದೇ ಹುಡುಗಿ.

ಮಗಳು ನನ್ನ ಮುಖ ನೋಡಿದಳು.

"ಕಾಸಿ ಏನ್ ಮಾಡ್ತಿ ಬೇ?" ಎಂದೆ. "ಅತ್ಲಾಗ ಗ್ಯಾಸ್ ಬಿಡಾಕತ್ತೇ ಇದ್ರ? ಮೊದಲು ಸಿಲಿಂಡರ್ ಬಂದ್ ಮಾಡಬೇಕು."

ಮಗಳು ಅದನ್ನು ಹಲಗೆಯ ಮೇಲೆ ಬರೆದಳು. ನನ್ನ ಮಾತು ಹಲಗೆ ಏರಿದ್ದು ಅದೇ ಮೊದಲು.

ಉಳಿದ ಬಾಟಲಿಗಳನ್ನು ಮಕ್ಕಳಿಗೆ ಹಂಚಿದೆ. ಮುಂದಿನ ಬೆಂಚಿನ ಹುಡುಗಿ ತನ್ನದನ್ನು ಮುಗಿಸಿ ಮೂಗು ಒರೆಸಿಕೊಂಡಳು.

"ಹುಳಿ ಗೊತ್ತಾಗಲಿಲ್ರಿ ಕಾಕಾ. ಇನ್ನೊಂದು ಕುಡದು ನೋಡ್ತೇನಿ."