ಗೆದ್ದದ್ದು ಸೀಬೆ ಕಡ್ಡಿ

ವೆಂಕಟಲಕ್ಷ್ಮಿ, ಆ ದಿನ ನನ್ನ ಬಾಟಲಿಯಲ್ಲಿ ಹುಳುವೇ ಇರಲಿಲ್ಲ. ಇದ್ದದ್ದು ಒಂದು ಸೀಬೆ ಕಡ್ಡಿ — ನಮ್ಮ ಹಿತ್ತಲಿನದು, ನಾನೇ ಮುರಿದು ಇಟ್ಟದ್ದು. ಊರೆಲ್ಲ ಸೇರಿ ಅದನ್ನು ಓಟು ಹಾಕಿ ಗೆಲ್ಲಿಸಿತು. ನಾನು ಬಾಯಿ ಬಿಡಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಹುತ್ತೂರಿನ ಪಕ್ಕದ ನಮ್ಮೂರ ಶಾಲೆಯಲ್ಲಿ ನಾವಿಬ್ಬರೂ ಏಳನೇ ಕ್ಲಾಸು. ವಿಚಿತ್ರವಾಗಿ ಕಾಣುವ ಹುಳು ಹಿಡಿದು ತನ್ನಿ, ಯಾವುದು ಚೆಂದವೆಂದು ಊರಿನವರೇ ಹೇಳಲಿ ಎಂದರು ಸೈನ್ಸ್ ಮೇಷ್ಟ್ರು. ಒಬ್ಬೊಬ್ಬರಿಗೆ ಒಂದು ಹುಣಸೆ ಬೀಜ. ಮೆಚ್ಚಿದ ಹುಳುವಿನ ಮುಂದಿನ ಡಬ್ಬಿಗೆ ಅದನ್ನು ಹಾಕಬೇಕು. ಗೆದ್ದವರನ್ನು ಮೇಷ್ಟ್ರು ಕೋಲಾರದ ವಸ್ತುಪ್ರದರ್ಶನಕ್ಕೆ ಬಸ್ಸಿನಲ್ಲಿ ಕರೆದೊಯ್ಯುತ್ತಾರೆ. ನನಗೆ ಬೇಕಿದ್ದದ್ದು ಬಸ್ಸು, ಜಂಬ. ನಿನಗೆ ಬೇಕಿದ್ದದ್ದು ನಿಮ್ಮಕ್ಕ. ಕೋಲಾರದ ಬೀಗರ ಜೊತೆ ಜಗಳವಾಡಿಕೊಂಡು ನಿಮ್ಮಪ್ಪ ಮಗಳನ್ನು ಬಾಣಂತನಕ್ಕೂ ಕರೆತಂದಿರಲಿಲ್ಲ. ಶಾಲೆಯ ಹೆಸರಲ್ಲಾದರೆ ಕಳಿಸುತ್ತಾರೆ, ಮಗುವನ್ನು ನೋಡಿ ಬರುತ್ತೇನೆ ಎಂದು ನೀನು ನನಗೊಬ್ಬಳಿಗೇ ಹೇಳಿದ್ದೆ. ಗೊತ್ತಿದ್ದೂ — ನಾನು —

ನಿನ್ನ ಹಸಿರು ಹುಳು, ಸೂರ್ಯನ ಕುದುರೆ, ಕೈಮುಗಿದು ನಿಂತು, ಬಂದವರತ್ತಲೆಲ್ಲ ಕತ್ತು ತಿರುಗಿಸಿ ನೋಡುತ್ತಿತ್ತು. ಥೇಟ್ ಕಡ್ಡಿಯಂತೆ ಕಾಣುವ ನನ್ನ ಕಡ್ಡಿಹುಳು ಬಾಟಲಿಯ ಬಟ್ಟೆ ಸಡಿಲವಾದದ್ದೇ ತಡ, ಪರಾರಿ. ಅದರ ಜಾಗಕ್ಕೆ ಕಡ್ಡಿ ಇಟ್ಟೆ. ಜನ ಮುತ್ತಿಕೊಂಡು, ಹುಳು ಅಲ್ಲಾಡೀತೆಂದು ಕಾದರು. "ಏಯ್, ಇದು ಬರೀ ಕಡ್ಡಿ ಕಣ್ರೋ" ಎಂದು ಯಾರೋ ನಕ್ಕಾಗ ನನಗೆ ಅಳುವೇ ಬಂತು. ನೀನು ಬಗ್ಗಿ ಬಾಟಲಿ ನೋಡಿದೆ, ನನ್ನ ಮುಖವನ್ನೂ ನೋಡಿದೆ — ಆಮೇಲೆ ನೀನೇ ಕೂಗಿದೆ —

"ಅಲ್ಲಾಡ್ತು! ನಾನೇ ನೋಡ್ದೆ, ನಿಜವಾಗ್ಲೂ ಅಲ್ಲಾಡ್ತು!"

ಅಷ್ಟೇ. ಎಲ್ಲರ ಕಣ್ಣಿಗೂ ಅದು ಅಲ್ಲಾಡತೊಡಗಿತು. "ಮೀಸೇನೂ ಐತೆ" ಎಂದರು ನಿಮ್ಮಜ್ಜಿ. ಈಗಲೂ ನೆನೆದರೆ ನಗು ಬರುತ್ತದೆ. ಹೆಚ್ಚಿನ ಬೀಜಗಳು ನನ್ನ ಡಬ್ಬಿಗೇ ಬಿದ್ದವು — ನಿನ್ನದೂ. ನಿನ್ನ ಕುದುರೆ ಎರಡನೆಯದಾಯಿತು.

ಹೊರಡುವ ದಿನ ನೀನು ಎಲ್ಲಿಂದಲೋ ನಿಜವಾದ ಕಡ್ಡಿಹುಳುವನ್ನೇ ಹಿಡಿದು ತಂದೆ. "ತಗೊಳ್ಳೇ, ಅಲ್ಲಿ ಮರ್ಯಾದೆ ಹೋಗ್ಬಾರ್ದು" ಎಂದೆ. ಮಗುವಿಗೆಂದು ಒಂದು ಜೊತೆ ಕರಿಬಳೆಯನ್ನೂ ನನ್ನ ಕೈಗಿತ್ತೆ. ಮೇಷ್ಟ್ರು ನನ್ನನ್ನು ನಿಮ್ಮಕ್ಕನ ಮನೆಗೆ ಕರೆದೊಯ್ದರು. ನೀನು ಇನ್ನೂ ಕಂಡಿರದ ಮಗುವಿಗೆ ನಾನು ಬಳೆ ತೊಡಿಸಿದೆ.

"ಅವ್ಳ್ಯಾಕೆ ಬರ್ಲಿಲ್ಲಮ್ಮಾ?" ಎಂದರು ಅಕ್ಕ.

"ಅವ್ಳ ಹುಳ ಗೆಲ್ಲಲಿಲ್ಲ ಅಕ್ಕಾ" ಎಂದೆ ನಾನು.

ನೀನು ಆ ಮಗುವನ್ನು ಮೊದಲು ನೋಡುವಷ್ಟರಲ್ಲಿ ಅದು ಓಡಾಡುತ್ತಿತ್ತು. ಆದರೂ ಒಮ್ಮೆಯೂ ನೀನು ಆ ಕಡ್ಡಿಯ ಮಾತೆತ್ತಲಿಲ್ಲ. ನನ್ನ ಪಾಲಿಗೆ ಬಂದ ಒಳ್ಳೆಯದನ್ನೆಲ್ಲ ನೆನೆಯಲು ಕೂತರೆ ಮೊದಲು ನೆನಪಾಗುವುದು ನಿನ್ನ ಆ ಒಂದು ಸುಳ್ಳು. ಅಷ್ಟು ಪ್ರೀತಿಯಿಂದ ನನಗಾಗಿ ಇನ್ನಾರೂ ಸುಳ್ಳು ಹೇಳಿಲ್ಲ.

ಈ ಭಾನುವಾರ ಕೋಲಾರಕ್ಕೆ ಹೋಗುತ್ತೇನೆ. ಅಕ್ಕನೆದುರು ನಿಂತು ಹೇಳುತ್ತೇನೆ — ಗೆದ್ದದ್ದು ಅವಳ ಹುಳ ಅಕ್ಕಾ, ಆ ಬಳೆ ತೊಡಿಸಬೇಕಿದ್ದವಳು ಅವಳೇ. ನೀನೂ ಬಾ. ಕಿಟಕಿ ಪಕ್ಕದ ಸೀಟು ನಿನಗೆ.