ಬೆಲ್ಲ ಮಣ್ಣಾದ ಸೋಮವಾರ

ಆ ಸೋಮವಾರ ನಡೆದದ್ದಕ್ಕೆ ಅರ್ಧ ಹೊಣೆ ನನ್ನದು. ಬಿ.ಎಸ್ಸಿ. ಮುಗಿಸಿ ತಿಪಟೂರಿನ ಪಕ್ಕದ ನಮ್ಮ ತೋಟಕ್ಕೆ ಮರಳಿದ್ದ ನಾನೇ ಅಪ್ಪನಿಗೆ ಮಧುನಾಶಿನಿಯ ಗುಣ ಹೇಳಿದ್ದೆ: ಅದರ ಎಲೆ ಅಗಿದರೆ ನಾಲಿಗೆಗೆ ಸಿಹಿ ತಿಳಿಯುವುದಿಲ್ಲ, ದೇಹದಲ್ಲಿ ಇನ್ಸುಲಿನ್ ಹೆಚ್ಚಿಸಿ ರಕ್ತದ ಸಕ್ಕರೆಯನ್ನೂ ಇಳಿಸಬಹುದು. ಸಕ್ಕರೆ ಕಾಯಿಲೆಗೆ ಡಾಕ್ಟರು ಕೊಟ್ಟ ಮಾತ್ರೆ ನುಂಗುತ್ತಿದ್ದ ಅಪ್ಪ ಹುಳಿಯಾರಿನ ನಾಟಿ ವೈದ್ಯರಿಂದ ಆ ಎಲೆಯನ್ನೂ ತರಿಸಿಕೊಂಡರು. ಎರಡೂ ಒಟ್ಟಿಗೆ ಆದೀತೇ ಎಂದು ಡಾಕ್ಟರನ್ನು ಕೇಳಬೇಕೆಂದು ನನಗೂ ಹೊಳೆಯಲಿಲ್ಲ.

ಸೋಮವಾರ ಅಪ್ಪನಿಗೆ ಒಪ್ಪೊತ್ತು. ಸಂಜೆಯ ಪೂಜೆ ಮುಗಿಯುವವರೆಗೆ ಏನೂ ತಿನ್ನುತ್ತಿರಲಿಲ್ಲ. ಮದ್ದಿಗೆ ಮಾತ್ರ ಒಪ್ಪೊತ್ತಿಲ್ಲವೆಂದು ಬೆಳಿಗ್ಗೆ ಮಾತ್ರೆ ನುಂಗಿ, ಆಗಾಗ ಎಲೆ ಅಗಿಯುತ್ತ, ಅಟ್ಟದಿಂದ ಇಳಿಸಿದ ಕೊಬ್ಬರಿ ಸುಲಿಯಲು ಕೂತರು. ಮಧ್ಯಾಹ್ನ ಅವರ ಕೈಯಲ್ಲಿ ಮಚ್ಚು ನಡುಗತೊಡಗಿತು. ಅಂಗಿ ಬೆವರಿನಿಂದ ತೊಯ್ದಿತ್ತು. ನನ್ನನ್ನು ನೋಡಿ, "ಯಾರಪ್ಪಾ ನೀನು?" ಎಂದರು.

ಅವ್ವ ಚೀರಿದಳು. "ಸಕ್ಕರೆ ಏರೈತೆ ಕಣೋ! ಇನ್ನೊಂದು ಮಾತ್ರೆ ಕೊಡೋ!"

ಮಾತ್ರೆ ನನ್ನ ಅಂಗೈಗೆ ಬಂದಿತ್ತು. ಅದನ್ನು ಕೊಡಲು ಬಗ್ಗಿಯೂ ಇದ್ದೆ. ಆ ಗಳಿಗೆ ಈಗಲೂ ನನ್ನನ್ನು ಬಿಟ್ಟಿಲ್ಲ. ಬೆಳಗಿನಿಂದ ಅಪ್ಪ ಏನೂ ತಿಂದಿಲ್ಲವೆಂಬುದು ಆಗ ನೆನಪಾಯಿತು. ಸಕ್ಕರೆ ಏರಿಲ್ಲ, ಇಳಿದಿದೆ. ಮಚ್ಚು ಕಿತ್ತುಕೊಂಡು, ಅಡುಗೆಮನೆಗೆ ಓಡಿ, ಬೆಲ್ಲ ತಂದು ಬಾಯಿಗಿಟ್ಟೆ.

ಅಪ್ಪ ಥೂ ಎಂದು ಉಗಿದರು. "ಮಣ್ಣು ತಿನ್ನಿಸ್ತೀಯೇನ್ಲಾ?"

ಎಲೆ ನಾಲಿಗೆಯನ್ನು ಕಟ್ಟಿಹಾಕಿತ್ತು. ಮತ್ತೆ ಇಟ್ಟೆ, ಮತ್ತೆ ಉಗಿದರು. ಹಲ್ಲು ಕಚ್ಚಿಕೊಂಡರು. ಮಾತು ತೊದಲತೊಡಗಿತು.

ಅವ್ವ ಲೋಟದಲ್ಲಿ ಬೆಲ್ಲ ಕದಡಿ ತಂದಳು. "ಬೆಲ್ಲ ಅಲ್ಲ ಕಣ್ರೀ, ವೈದ್ಯರು ಕಳಿಸಿರೋ ಮದ್ದು. ಕುಡೀರಿ."

ಮದ್ದೆಂದರೆ ಅಪ್ಪ ಎಂದೂ ಬೇಡವೆಂದವರಲ್ಲ. ಮುಖ ಕಿವುಚಿಕೊಂಡು ಗುಟುಕು ಗುಟುಕಾಗಿ ಕುಡಿದರು. ಕಾಲು ಗಂಟೆಯ ಮೇಲೆ ನನ್ನ ಗುರುತು ಹಿಡಿದರು.

ಅಂದು ಸಂಜೆಯೇ ಅಪ್ಪನನ್ನು ಕರೆದೊಯ್ದು ನಡೆದದ್ದೆಲ್ಲ ಹೇಳಿದಾಗ ಡಾಕ್ಟರು ಎಲೆಯನ್ನು ಹಳಿಯಲಿಲ್ಲ. "ಮಾತ್ರೆ ಮಾಡೋ ಕೆಲಸಾನೇ ಅದೂ ಮಾಡ್ತಿರಬಹುದು. ಹೊಟ್ಟೆ ಬೇರೆ ಖಾಲಿ. ಇಳಿಜಾರಲ್ಲಿ ಹಿಂದಿನಿಂದ ಇಬ್ಬರು ತಳ್ಳಿದ್ರೆ ಗಾಡಿ ನಿಲ್ಲುತ್ತಾ ಯಜಮಾನ್ರೇ?" ಎಂದು ಎಲೆ ನಿಲ್ಲಿಸಿದರು. ಮಾತ್ರೆ ನುಂಗುವವರು ಉಪವಾಸ ಇರಕೂಡದು ಎಂದರು.

ಅಪ್ಪ ಎಲೆ ಬಿಡಲು ಒಪ್ಪಿದರು, ಒಪ್ಪೊತ್ತು ಬಿಡಲು ಒಪ್ಪಲಿಲ್ಲ. ಮುಂದಿನ ಸೋಮವಾರ ಬೆಳಿಗ್ಗೆ ಅವ್ವ ಅವರ ಮುಂದೆ ರಾಗಿರೊಟ್ಟಿ ಇಟ್ಟು, "ಶಿವ ಬೈದ್ರೆ ನನ್ನೇ ಬೈಲಿ, ತಿನ್ರೀ," ಎಂದಳು. ಅಪ್ಪ ಬಹಳ ಹೊತ್ತು ತಟ್ಟೆ ಮುಟ್ಟಲಿಲ್ಲ. ಕೊನೆಗೆ ಒಂದು ಚೂರು ಮುರಿದರು. ಅದನ್ನು ನುಂಗುವವರೆಗೂ ನಾನು ಅವರ ಬಾಯನ್ನೇ ನೋಡುತ್ತ ಕೂತಿದ್ದೆ.